ಬೀಗ ಬದಲಾಯಿಸಿದ ಖರ್ಚು ಯಾರ ತಲೆ ಮೇಲೆ?

2025ರಲ್ಲಿ ದಸರಾ ಕಳೆದು ದೀಪಾವಳಿಗೆ ಇನ್ನೊಂದು ವಾರ ಇರೋವಾಗ, ಅಕ್ಟೋಬರ್ 14ಕ್ಕೆ, ವಿಂಡೋಸ್ 10 ಅನ್ನೋದಕ್ಕೆ ಮೈಕ್ರೋಸಾಫ್ಟ್ ಕಂಪನಿಯೋರು ಮಾಮೂಲಿ ರಿಪೇರಿ ನಿಲ್ಲಿಸಿದ್ರು. ರಿಪೇರಿ ಅಂದ್ರೆ ತಿಂಗಳಿಗೊಂದು ಸಲ ತಾನಾಗೇ ಬಂದು ಕೂರ್ತಿತ್ತಲ್ಲ, ಅಪ್‌ಡೇಟು, ಅದು. ಹೊಸ ವಿಂಡೋಸ್ 11 ಹಾಕ್ಕೊಳ್ಳಿ, ಕಾಸು ಬೇಡ ಅಂದ್ರು. ಸರಿ ಅಂತ ನೋಡಿದ್ರೆ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪು ‘ನನ್ನ ಕೈಲಾಗಲ್ಲ’ ಅಂತು. ಪರದೆ ಚೆನ್ನಾಗದೆ, ಕೀಲಿಮಣೆ ಚೆನ್ನಾಗದೆ, ಮಕ್ಕಳು ಅದರಲ್ಲೇ ಪಿಯುಸಿ ಡಿಗ್ರಿ ಮುಗಿಸವ್ರೆ. ಆದ್ರೂ ಆಗಲ್ವಂತೆ. ಯಾಕೆ ಅಂದ್ರೆ ಒಳಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು ಇಲ್ಲ ಅಂತಲೋ, ಪ್ರೊಸೆಸರು ಹಳೇದು ಅಂತಲೋ ಉತ್ತರ.

ಈ ಚಿಪ್ಪು ಅನ್ನೋದು ಎಲ್ಲೋ ಅಮೆರಿಕದಿಂದ ಈಗ ತಾನೆ ಉದುರಿದ್ದು ಅಂತ ಸುಮಾರು ಜನ ಅಂದ್ಕೊಂಡವ್ರೆ. ಹಂಗಲ್ಲ ಕಣ್ರಿ. ಬಾಯಿಮಾತಿನ ಗುಟ್ಟನ್ನ ನಂಬದೆ ಬೀಗವನ್ನ ಒಂದು ವಸ್ತುವಿನೊಳಗೆ ಇಡೋ ಈ ಪದ್ಧತಿ ನಮ್ಮ ಕಡೆಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಲ್ಯಾಪ್‌ಟಾಪಿಗಿಂತ ಮೊದಲು ತಾಲ್ಲೂಕು ಕಚೇರಿಗೆ ಬಂತು, ಆಮೇಲೆ ಪರ್ಸಿನೊಳಕ್ಕೆ, ಪಂಚಾಯ್ತಿಗೆ, ರೇಷನ್ ಅಂಗಡಿಗೆ. ಒಂದೊಂದು ಸಲ ಬೀಗ ಬದಲಾದಾಗಲೂ ಆ ಖರ್ಚು ಯಾರು ಕೊಟ್ಟರು ಅಂತ ನೋಡ್ತಾ ಬಂದ್ರೆ ಈ ಲ್ಯಾಪ್‌ಟಾಪಿನ ಕತೆ ಬೇರೆ ಥರ ಕಾಣ್ತದೆ.

ಪಹಣಿಯಿಂದಲೇ ಶುರು ಮಾಡ್ತೀನಿ. ಶಾನುಭೋಗರ ಕಾಲದಲ್ಲಿ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿ, ಕಡತ ಅವರ ಮನೆ ಪೆಟ್ಟಿಗೇಲಿ. 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾನೂನು ಬಂತು, ಶಾನುಭೋಗರ ಜಾಗಕ್ಕೆ ಸರ್ಕಾರಿ ಗ್ರಾಮ ಲೆಕ್ಕಿಗರು ಬಂದ್ರು. ಪುಸ್ತಕ ಮಾತ್ರ ಪುಸ್ತಕವೇ. ಯಾರು ಯಾವಾಗ ಯಾವ ಹೆಸರು ಹೊಡೆದು ಯಾವ ಹೆಸರು ಬರೆದ್ರು ಅನ್ನೋದಕ್ಕೆ ಶಾಯಿಯ ಬಣ್ಣ ಬಿಟ್ರೆ ಬೇರೆ ಸಾಕ್ಷಿ ಇರ್ತಿರಲಿಲ್ಲ. ಜಮೀನು ಇರೋರಿಗೆ ಈ ಭಯ ಏನು ಅಂತ ನಾನು ಹೇಳಬೇಕಾಗಿಲ್ಲ. ಅದರಲ್ಲೂ ಗಂಡ ತೀರಿಕೊಂಡ ಹೆಂಗಸರ ಹೆಸರಿಗೆ ಖಾತೆ ಬರೋದು ಅಂದ್ರೆ ಎಷ್ಟು ಸಲ ಎಷ್ಟು ಜನರ ಮುಂದೆ ನಿಲ್ಲಬೇಕಿತ್ತು ಅನ್ನೋದು ಪ್ರತಿ ಊರಿನ ಹಳಬರಿಗೂ ಗೊತ್ತು.

ನಮ್ಮ ಪಕ್ಕದ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು 1999ರಿಂದ 2004ರವರೆಗೆ ಮುಖ್ಯಮಂತ್ರಿ ಆಗಿದ್ರಲ್ಲ, ಆವಾಗ ‘ಭೂಮಿ’ ಯೋಜನೆ ಬಂತು. ಕಂದಾಯ ಇಲಾಖೇಲಿ ಅದರ ಬೆನ್ನು ಹತ್ತಿದ್ದು ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿ. ಸಾಫ್ಟ್‌ವೇರ್ ಬರೆದದ್ದು ಕೇಂದ್ರ ಸರ್ಕಾರದ ಎನ್‌ಐಸಿಯೋರು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, ಆಗ ಇದ್ದ 177 ತಾಲ್ಲೂಕು. ಅಷ್ಟನ್ನೂ ಕಂಪ್ಯೂಟರಿಗೆ ಹತ್ತಿಸಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಮಾಡಿದ್ರು. 15 ರೂಪಾಯಿ ಕೊಟ್ರೆ ಅಚ್ಚಾದ ಪಹಣಿ ಕೈಗೆ.

ಜನ ನೆನಪಿಟ್ಟುಕೊಂಡಿರೋದು ಈ 15 ರೂಪಾಯಿನ. ನನಗೆ ಮುಖ್ಯ ಅನ್ನಿಸಿದ್ದು ಅದರ ಹಿಂದಿನ ಬೀಗ. ಕಂಪ್ಯೂಟರ್ ಅಂದ್ಮೇಲೆ ಪಾಸ್‌ವರ್ಡ್ ಸಾಕು ಅಂತ ಬಿಟ್ಟಿದ್ರೆ ಏನಾಗ್ತಿತ್ತು? ಪಾಸ್‌ವರ್ಡ್ ಅಂದ್ರೆ ಬಾಯಿಮಾತು. ಒಬ್ರು ಇನ್ನೊಬ್ರಿಗೆ ಹೇಳ್ತಾರೆ, ಚೀಟೀಲಿ ಬರೆದು ಮೇಜಿನ ಗಾಜಿನ ಕೆಳಗೆ ಇಡ್ತಾರೆ, ನಾಳೆ ಖಾತೆ ತಿದ್ದಿದ್ದು ಯಾರು ಅಂದ್ರೆ ‘ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಹಾಕವ್ರೆ’ ಅಂತಾರೆ. ಅದಕ್ಕೇ ಭೂಮೀಲಿ ದಾಖಲೆ ತಿದ್ದೋ ಅಧಿಕಾರಿ ಬೆರಳು ಒತ್ತಬೇಕು ಅಂತ ಯಂತ್ರ ಇಟ್ಟರು. ಯಾವ ಬೆರಳು ಯಾವ ಬದಲಾವಣೆಗೆ ಒಪ್ಪಿಗೆ ಕೊಡ್ತು ಅನ್ನೋದು ಒಳಗೆ ಉಳೀತದೆ. ಅಲ್ಲೀವರೆಗೂ ಹೆಬ್ಬೆಟ್ಟು ಅಂದ್ರೆ ಓದು ಬರದವರ ಗುರುತು. ಈಗ ಡಿಗ್ರಿ ಓದಿದ ಅಧಿಕಾರೀನೇ ಹೆಬ್ಬೆಟ್ಟು ಒತ್ತೋ ಕಾಲ ಬಂತು! ಅದನ್ನ ನೆನೆಸಿಕೊಂಡ್ರೆ ನನಗೆ ಈಗ್ಲೂ ನಗು ಬತ್ತದೆ.

ಭೂಮಿ ಅಂದ್ರೆ ಎಲ್ಲಾ ಸುಖ ಅಂತ ನಾನು ಹೇಳ್ತಾ ಇಲ್ಲ. ಹಳೇ ಪುಸ್ತಕದ ತಪ್ಪು ಹಂಗೇ ಕಂಪ್ಯೂಟರಿಗೆ ಹೋಗಿ ಕೂತರೆ ಅದನ್ನ ಬಿಡಿಸೋದು ಕಲ್ಲಲ್ಲಿ ಕೆತ್ತಿದ್ದನ್ನ ಅಳಿಸಿದ ಹಾಗೆ. ಊರಲ್ಲೇ ಸಿಗ್ತಿದ್ದ ಕಾಗದಕ್ಕೆ ಮೊದಮೊದಲು ಮಳವಳ್ಳಿ ಬಸ್ಸು ಹತ್ತಬೇಕಾಯ್ತು. ಆದ್ರೆ ಬೆರಳಿನ ಯಂತ್ರ, ಕಂಪ್ಯೂಟರು, ಅದನ್ನ ಮುಂದೆ ಬದಲಾಯಿಸೋದು ಎಲ್ಲಾ ಸರ್ಕಾರದ ಖರ್ಚು. ರೈತನಿಗೆ ಬಂದದ್ದು 15 ರೂಪಾಯಿ, ಬಸ್ ಚಾರ್ಜು.

ಎರಡನೇದು ಎಟಿಎಂ ಕಾರ್ಡು. ಮೊದಲು ಕಾರ್ಡಿನ ಬೆನ್ನಿಗೆ ಕರೀ ಪಟ್ಟಿ ಇರ್ತಿತ್ತು, ಟೇಪ್ ರೆಕಾರ್ಡರಿನ ಕ್ಯಾಸೆಟ್ ಟೇಪ್ ಇದ್ದ ಹಾಗೇ. ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸ್ಕೋತಿದ್ವಲ್ಲ, ಹಂಗೇ ಕಳ್ಳರು ಕಾರ್ಡಿಂದ ಕಾರ್ಡಿಗೆ ತುಂಬಿಸ್ಕೋತಿದ್ರು. ಆಮೇಲೆ ಮುಂದುಗಡೆ ಬಂಗಾರದ ಬಣ್ಣದ ಚಿಪ್ಪು ಬಂತು. ಅದರೊಳಗೆ ಒಂದು ಗುಟ್ಟಿನ ಸಂಖ್ಯೆ ಅದೆ, ಅದು ಯಾವತ್ತೂ ಹೊರಗೆ ಬರಲ್ಲ. ಯಂತ್ರ ಒಂದು ಪ್ರಶ್ನೆ ಕೇಳ್ತದೆ, ಚಿಪ್ಪು ಒಳಗೇ ಲೆಕ್ಕ ಮಾಡಿ ಉತ್ತರ ಮಾತ್ರ ಕೊಡ್ತದೆ. ಪ್ರತಿ ಸಲ ಬೇರೆ ಉತ್ತರ. ಆದ್ದರಿಂದ ಒಂದು ಸಲದ ಉತ್ತರ ಕದ್ದು ಪ್ರಯೋಜನ ಇಲ್ಲ. ಭದ್ರತಾ ಚಿಪ್ಪು ಅನ್ನೋದರ ಜೀವಾಳ ಇಷ್ಟೇ: ಕೀಲಿಕೈ ಪೆಟ್ಟಿಗೆಯೊಳಗೇ ಇರ್ತದೆ, ಪೆಟ್ಟಿಗೆ ತನ್ನ ಕೆಲಸ ಮಾಡಿ ತೋರಿಸ್ತದೆ, ಕೀಲಿ ತೋರಿಸಲ್ಲ. ಸಿಮ್ ಕಾರ್ಡಿನ ಒಳಗೂ ಇದೇ ಸಂಗತಿ.

ರಿಸರ್ವ್ ಬ್ಯಾಂಕು 2018ರ ಡಿಸೆಂಬರ್ 31ರೊಳಗೆ ಕರೀ ಪಟ್ಟಿ ಕಾರ್ಡೆಲ್ಲ ಚಿಪ್ಪಿನದ್ದಾಗಬೇಕು ಅಂತ ಗಡುವು ಕೊಟ್ಟಿತ್ತು. ಎಸ್‌ಬಿಐನೋರು ಪುಕ್ಕಟೆ ಬದಲಾಯಿಸಿ ಕೊಡ್ತೀವಿ ಅಂದ್ರು. ಗಮನಿಸಿ, ಗಡುವು ಹಾಕಿದ್ದು ಸರ್ಕಾರದ ಕಡೆಯ ಒಂದು ಸಂಸ್ಥೆ, ಹೊಸ ಕಾರ್ಡು ಮಾಡಿಸಿ ಕೊಟ್ಟಿದ್ದು ಬ್ಯಾಂಕು. ‘ನಿಮ್ಮ ಕಾರ್ಡು ಹಳೇದು, ಹೊಸಾದನ್ನ ಮಾರ್ಕೆಟ್‌ನಲ್ಲಿ ಕೊಂಡ್ಕೊಂಡು ಬನ್ನಿ’ ಅಂತ ಯಾರೂ ಅನ್ನಲಿಲ್ಲ.

ಪಂಚಾಯ್ತಿಯ ‘ಡಾಂಗಲ್’ ಕತೆ ಎಲ್ಲರಿಗೂ ಗೊತ್ತಿರೋದೇ. ಇ-ಸ್ವತ್ತಿನ ನಮೂನೆ 9, ನಮೂನೆ 11 ಬೇಕು ಅಂತ ಹೋದ್ರೆ ‘ಪಿಡಿಒ ಮೀಟಿಂಗಿಗೆ ಹೋಗವ್ರೆ, ಡಾಂಗಲ್ ಅವ್ರ ಹತ್ರ ಅದೆ’ ಅನ್ನೋ ಮಾತು ಜಿಲ್ಲೆ ತುಂಬಾ ಕೇಳ್ತದೆ. ಪೆನ್‌ಡ್ರೈವ್ ಥರ ಇರೋ ಆ ವಸ್ತುವಿನೊಳಗೂ ಅಂಥದ್ದೇ ಚಿಪ್ಪು, ಅದರಲ್ಲಿ ಅಧಿಕಾರಿಯ ಡಿಜಿಟಲ್ ಸಹಿಯ ಕೀಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಸಹಿಗೆ ಕಾನೂನಿನ ಬೆಲೆ ಕೊಡ್ತು. ಆದ್ರೆ ಡಾಂಗಲ್ಲಿಗೆ ಅದನ್ನ ಚುಚ್ಚಿದ ಕೈ ಯಾರದು ಅಂತ ಗೊತ್ತಾಗಲ್ಲ. ಡಾಂಗಲ್ಲೂ ಪಿನ್ನೂ ಎರಡನ್ನೂ ಇನ್ನೊಬ್ಬರ ಕೈಗೆ ಕೊಟ್ಟುಬಿಟ್ರೆ ಅಲ್ಲಿಗೆ ಮುಗೀತು. ಆ ಲೆಕ್ಕದಲ್ಲಿ ಭೂಮಿಯ ಬೆರಳೇ ವಾಸಿ.

ರೇಷನ್ ಅಂಗಡಿ, ಗ್ರಾಮ ಒನ್, ಪಿಂಚಣಿ, ಎಲ್ಲಾ ಕಡೆ ಈಗ ಆಧಾರ್ ಬೆರಳು. ಇಲ್ಲೂ ಬೀಗ ಬದಲಾಯ್ತು. ಮೊದಲಿನ ಬೆರಳಿನ ಯಂತ್ರಗಳು ‘ಎಲ್ ಸೊನ್ನೆ’, ಬೆರಳಿನ ಗುರುತನ್ನ ಕಂಪ್ಯೂಟರ್ ಅಥವಾ ಫೋನಿನ ಸಾಫ್ಟ್‌ವೇರು ಮುದ್ರೆ ಹಾಕಿ ಕಳಿಸ್ತಿತ್ತು. ಮಧ್ಯದಲ್ಲಿ ಕಳ್ಳ ಕೂತಿದ್ರೆ ಹಳೇ ಬೆರಳನ್ನ ಇನ್ನೊಂದು ಸಲ ಕಳಿಸಬಹುದಲ್ಲ. ಅದಕ್ಕೆ ‘ಎಲ್ ಒಂದು’ ಬಂತು. ಅದರಲ್ಲಿ ಮುದ್ರೆ ಬೀಳೋದು ಬೆರಳಿನ ಯಂತ್ರದ ಒಳಗೇ, ಭದ್ರವಾದ ಜಾಗದಲ್ಲಿ. ಆಧಾರ್ ಪ್ರಾಧಿಕಾರದೋರು ಹಳೇದನ್ನ ತೆಗೀರಿ ಅಂದ್ರು. ಕೆಲಸ ಮಾಡ್ತಾ ಇದ್ದ ಯಂತ್ರವೇ, ಕೆಟ್ಟಿರಲಿಲ್ಲ. ಇಲ್ಲಿ ನೋಡಿ, ಖರ್ಚು ಮೆಲ್ಲಗೆ ಕೆಳಕ್ಕೆ ಜಾರಕ್ಕೆ ಶುರುವಾಯ್ತು. ಸೇವಾ ಕೇಂದ್ರ ಇಟ್ಟುಕೊಂಡಿರೋ ಊರಿನ ಹುಡುಗರು ಹೊಸ ಯಂತ್ರ ಕೈಯಿಂದ ಕಾಸು ಹಾಕಿ ಕೊಳ್ಳೋ ಕಾಲ ಬಂತು.

ಈಗ ಲ್ಯಾಪ್‌ಟಾಪಿಗೆ ಬರ್ತೀನಿ.

1999ರಲ್ಲಿ ಕಾಂಪ್ಯಾಕ್, ಎಚ್‌ಪಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಐದೂ ಸೇರಿ ಒಂದು ಕೂಟ ಮಾಡಿಕೊಂಡ್ರು. ನಮ್ಮಲ್ಲಿ ಕೃಷ್ಣ ಅವರು ಮುಖ್ಯಮಂತ್ರಿ ಆದ ವರ್ಷವೇ. ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೇ ಒಂದು ಸಣ್ಣ ಭದ್ರತಾ ಚಿಪ್ಪು ಕೂರಿಸಬೇಕು ಅನ್ನೋದು ಅವರ ಆಲೋಚನೆ. 2003ರಲ್ಲಿ ಆ ಕೂಟ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಅಂತ ಆಯ್ತು. ಚಿಪ್ಪಿನ ಹೆಸರು ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್, ಅದೇ ಟಿಪಿಎಂ. 1.2 ಅನ್ನೋ ಆವೃತ್ತಿ ಬಹಳ ವರ್ಷ ನಡೀತು, 2014ರಲ್ಲಿ 2.0 ಬಂತು.

ಅದು ಮಾಡೋ ಕೆಲಸ ಏನು? ಪರೀಕ್ಷೆ ಪ್ರಶ್ನೆಪತ್ರಿಕೆ ಬಂಡಲ್ ನೆನೆಸಿಕೊಳ್ಳಿ. ಖಜಾನೇಲಿ ಇರ್ತದೆ, ಅರಗಿನ ಮುದ್ರೆ ಇರ್ತದೆ, ಮುದ್ರೆ ಸರಿಯಾಗಿದ್ರೆ ಮಾತ್ರ ಬಿಚ್ಚಬೇಕು. ಕಂಪ್ಯೂಟರ್ ಆನ್ ಮಾಡಿದಾಗ ಒಂದರ ಹಿಂದೆ ಒಂದು ಪ್ರೋಗ್ರಾಮು ಏಳ್ತದೆ. ಮೊದಲನೇದು ಎರಡನೇದನ್ನ ಎಬ್ಬಿಸೋಕೆ ಮುಂಚೆ ಅದರ ‘ಹೆಬ್ಬೆಟ್ಟು’ ತಗೊಂಡು ಚಿಪ್ಪಿಗೆ ಒಪ್ಪಿಸ್ತದೆ, ಎರಡನೇದು ಮೂರನೇದರದ್ದು ಒಪ್ಪಿಸ್ತದೆ. ಪ್ರೋಗ್ರಾಮಿನಲ್ಲಿ ಒಂದಕ್ಷರ ಯಾರಾದ್ರೂ ಬದಲಾಯಿಸಿದ್ರೆ ಹೆಬ್ಬೆಟ್ಟು ಬೇರೆ ಆಗ್ತದೆ. ಎಲ್ಲಾ ಮೊದಲಿನ ಹಾಗೇ ಇದ್ರೆ ಮಾತ್ರ ಚಿಪ್ಪು ಡಿಸ್ಕಿನ ಕೀಲಿ ಬಿಟ್ಟುಕೊಡ್ತದೆ. ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳುವಾಯ್ತು ಅಂದ್ಕೊಳ್ಳಿ, ಕಳ್ಳ ಡಿಸ್ಕನ್ನ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿದ್ರೆ ಅವನಿಗೆ ಸಿಗೋದು ಬರೀ ಕಸ. ಮಕ್ಕಳ ಮಾರ್ಕ್ಸ್‌ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಏನೂ ಸಿಗಲ್ಲ. ಇದು ಒಳ್ಳೇದಲ್ಲ ಅಂತ ಯಾರು ಅಂತಾರೆ?

ಮುದ್ರೆಯೊಂದೇ ಸಾಲದು ಅನ್ನೋದೂ ನಿಜ. 2016ರಲ್ಲಿ ನಮ್ಮ ರಾಜ್ಯದ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಒಂದಲ್ಲ ಎರಡು ಸಲ ಸೋರಿಕೆ ಆಯ್ತು, ಮಕ್ಕಳು ಅತ್ತುಕೊಂಡು ಮತ್ತೆ ಪರೀಕ್ಷೆ ಬರೆದ್ರು. ಒಟಿಪಿ ಕೇಳಿ ದುಡ್ಡು ಎಗರಿಸೋನನ್ನ ಟಿಪಿಎಂ ತಡೆಯಲ್ಲ, ಅವನಿಗೆ ಬಾಗಿಲು ತೆಗೆಯೋರು ನಾವೇ.

ಈ ಚಿಪ್ಪಿಗೆ ವಿರೋಧವೂ ಆವಾಗಿಂದಲೇ ಅದೆ. ಸ್ವತಂತ್ರ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್‌ಮನ್, ಕೇಂಬ್ರಿಡ್ಜಿನ ಪ್ರೊಫೆಸರ್ ರಾಸ್ ಆಂಡರ್ಸನ್ ಇಬ್ಬರೂ ಇಪ್ಪತ್ತು ವರ್ಷದ ಹಿಂದೆಯೇ ಎಚ್ಚರಿಸಿದ್ರು: ಯಂತ್ರ ಕೊಂಡೋನು ನೀನು, ಆದ್ರೆ ಯಾವುದನ್ನ ನಂಬಬೇಕು ಅಂತ ತೀರ್ಮಾನ ಮಾಡೋದು ಕಂಪನಿ ಆಗ್ತದೆ ಅಂತ. ಅವರು ಹೆದರಿದ ಹಾಗೆ ನಮಗೆ ಬೇಕಾದ ಪ್ರೋಗ್ರಾಮು ಹಾಕ್ಕೊಳ್ಳಕ್ಕೇ ಬಿಡಲ್ಲ ಅನ್ನೋವಷ್ಟು ದೂರ ಏನೂ ಹೋಗಲಿಲ್ಲ. ಆದ್ರೆ ಯಾವ ಯಂತ್ರಕ್ಕೆ ವಯಸ್ಸಾಯ್ತು ಅಂತ ಹೇಳೋ ಅಧಿಕಾರ ಅಂತೂ ಅತ್ತ ಕಡೆಗೇ ಹೋಯ್ತು. ಅರ್ಧ ನಿಜ ಹೇಳಿದ್ರು ಅನ್ನಬಹುದು.

2016ರ ಜುಲೈ 28ರಿಂದ ವಿಂಡೋಸ್ 10 ಹಾಕಿ ಮಾರೋ ಹೊಸ ಯಂತ್ರಗಳಲ್ಲಿ ಟಿಪಿಎಂ 2.0 ಇರಬೇಕು ಅಂತ ಮೈಕ್ರೋಸಾಫ್ಟ್ ತಯಾರಕರಿಗೆ ಹೇಳಿತ್ತು. ಅದು ತಯಾರಕರ ಮಧ್ಯದ ಮಾತು, ಕೊಳ್ಳೋ ನಮಗೆ ಯಾರೂ ಹೇಳಲಿಲ್ಲ. ಅಂಗಡೀಲಿ ನಾವು ಕೇಳೋದು ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟೊತ್ತು ಬತ್ತದೆ ಅಂತ ತಾನೆ. 2021ರ ಜೂನ್ 24ಕ್ಕೆ ವಿಂಡೋಸ್ 11 ಬರ್ತದೆ ಅಂತ ಸಾರಿದಾಗ ವಿಷಯ ಹೊರಬಿತ್ತು. ಟಿಪಿಎಂ 2.0 ಬೇಕು, ಪ್ರೊಸೆಸರು ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದ್ದಾಗಿರಬೇಕು. ಆ ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅಂದ್ರೆ ನಾಲ್ಕು ವರ್ಷದ ಯಂತ್ರಕ್ಕೇ ‘ನಿನಗೆ ಮುಂದಿನ ಮನೆ ಇಲ್ಲ’ ಅಂದ ಹಾಗಾಯ್ತು.

ಆ ಜೂನ್ ತಿಂಗಳು ಎಂಥಾದ್ದು ಅಂತ ನೆನೆಸಿಕೊಳ್ಳಿ. ಕೊರೋನಾ ಎರಡನೇ ಅಲೆ. ಸ್ಕೂಲು ಮುಚ್ಚಿ ವರ್ಷ ಕಳೆದಿತ್ತು. ಆನ್‌ಲೈನ್ ಕ್ಲಾಸಿಗೆ ಅಂತ ಮೊಟ್ಟಮೊದಲ ಸಲ ಲ್ಯಾಪ್‌ಟಾಪು ಕಂಡ ಮನೆಗಳು ನಮ್ಮ ಹಳ್ಳಿ ಕಡೆ ಎಷ್ಟಿಲ್ಲ. ಹೊಸದು ಕೊಳ್ಳಕ್ಕಾಗದೋರು ಬೆಂಗಳೂರಿನ ಎಸ್.ಪಿ. ರೋಡ್ ಥರದ ಕಡೆಯಿಂದ ಸೆಕೆಂಡ್‌ಹ್ಯಾಂಡ್ ತರಿಸಿಕೊಂಡ್ರು. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿ ಯಂತ್ರಗಳು ಅವು, ಬೇಗ ಕೆಡಲ್ಲ. ತಮಾಷೆ ಏನಂದ್ರೆ ಆ ಆಫೀಸು ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ಭದ್ರತಾ ಚಿಪ್ಪು ಇದ್ದೇ ಇತ್ತು, ಆದ್ರೆ ಹಳೇ 1.2. ಬೀಗ ಇದ್ದೂ ‘ಈ ಬೀಗ ನಮ್ಮ ಕಂಪನಿ ಕೀಲಿಗೆ ಹೊಂದಲ್ಲ’ ಅಂದ ಹಾಗೆ. ಇನ್ನು ಆರನೇ ಏಳನೇ ತಲೆಮಾರಿನ ಎಷ್ಟೋ ಯಂತ್ರದಲ್ಲಿ 2.0 ಕೂಡಾ ಅದೆ, ಪ್ರೊಸೆಸರು ಪಟ್ಟೀಲಿ ಇಲ್ಲ ಅಂತ ಹೊರಗೆ. ಬರೀ ಚಿಪ್ಪಿಂದು ತೊಂದರೆ ಅನ್ನೋ ಮಾತು ಅದಕ್ಕೇ ಪೂರ್ತಿ ಸರಿಯಲ್ಲ.

ಕೆನಾಲಿಸ್ ಅನ್ನೋ ಮಾರುಕಟ್ಟೆ ಲೆಕ್ಕದ ಸಂಸ್ಥೆ 2023ರ ಕೊನೇಲಿ ಅಂದಾಜು ಹಾಕಿತ್ತು, ವಿಂಡೋಸ್ 10 ನಿಂತುಹೋಗೋದರಿಂದ ಪ್ರಪಂಚದಲ್ಲಿ 24 ಕೋಟಿ ಕಂಪ್ಯೂಟರು ಕಸ ಆಗಬಹುದು ಅಂತ. ನಮ್ಮ ಲೆಕ್ಕ ಸಣ್ಣದು. ಸಾಧಾರಣ ಹೊಸ ಲ್ಯಾಪ್‌ಟಾಪು ಅಂದ್ರೂ ಮೂವತ್ತು ನಲವತ್ತು ಸಾವಿರ. ಟನ್ ಕಬ್ಬಿಗೆ ಮೂರು ಸಾವಿರದ ಆಸುಪಾಸು ಅಂತ ಹಿಡಿದ್ರೆ ಹತ್ತು ಹನ್ನೆರಡು ಟನ್ ಕಬ್ಬು, ಕಟಾವಿನ ಕೂಲಿ ಕಳೀದೆ. ನಮ್ಮ ಪಕ್ಕದಲ್ಲೇ ಶಿವನಸಮುದ್ರದ ಬ್ಲಫ್‌ನಲ್ಲಿ 1902ರಲ್ಲಿ ಶುರುವಾದ ವಿದ್ಯುದಾಗಾರ ಇವತ್ತಿಗೂ ಕರೆಂಟು ಕೊಡ್ತಾ ಅದೆ. ಎಂಟು ವರ್ಷದ ಲ್ಯಾಪ್‌ಟಾಪಿಗೆ ಮುದುಕ ಅಂತಾರೆ.

ಭೂಮೀಲಿ ಸರ್ಕಾರ ಕೊಡ್ತು, ಕಾರ್ಡಿಗೆ ಬ್ಯಾಂಕು ಕೊಡ್ತು, ಬೆರಳಿನ ಯಂತ್ರಕ್ಕೆ ಸೇವಾ ಕೇಂದ್ರದ ಹುಡುಗ ಕೊಟ್ಟ, ಇದಕ್ಕೆ ಮನೆಯೋರೇ ಕೊಡಬೇಕು. ಬೀಗ ಒಳ್ಳೇದೇ, ಅದು ನನ್ನ ತಕರಾರಲ್ಲ. ಬೀಗ ಬೇಕು ಅಂತ ಹೇಳಿದೋರು ಬೇರೆ, ಕಾಸು ಬಿಚ್ಚೋರು ಬೇರೆ ಆಗಿರೋದು ನನ್ನ ತಕರಾರು. ಯೂರೋಪಿನ ಗ್ರಾಹಕ ಸಂಘಟನೆಗಳು ಗಟ್ಟಿಯಾಗಿ ಕೇಳಿದ್ದಕ್ಕೆ ಅಲ್ಲಿಯೋರಿಗೆ ಒಂದು ವರ್ಷದ ಹೆಚ್ಚಿನ ರಿಪೇರಿ ಇನ್ನಷ್ಟು ಸಲೀಸಾಗಿ ಸಿಕ್ತು. ಕೇಳೋರು ಇದ್ರೆ ಸಿಗ್ತದೆ.

ಬೇರೆ ದಾರಿ ಹಿಡಿದೋರೂ ಅವ್ರೆ, ಅದೂ ಕನ್ನಡದೋರೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಶಾಲೆಗಳಲ್ಲಿ ಓದ್ತಾರಲ್ಲ. ಕೇರಳದಲ್ಲಿ 2001ರ ಸುಮಾರಿಗೆ ‘ಐಟಿ ಅಟ್ ಸ್ಕೂಲ್’ ಅಂತ ಯೋಜನೆ ಶುರುವಾಗಿ, ಕೆಲವೇ ವರ್ಷದಲ್ಲಿ ವಿಂಡೋಸ್ ಬಿಟ್ಟು ಲಿನಕ್ಸಿಗೆ ಹೋದ್ರು. 2017ರಿಂದ ಅದಕ್ಕೆ ‘ಕೈಟ್’ ಅಂತ ಹೆಸರು. ಉಬುಂಟು ಆಧಾರದ ಮೇಲೆ ತಾವೇ ಹೊಂದಿಸಿಕೊಂಡ ಲಿನಕ್ಸು, ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಅದೆ. ಲಿನಕ್ಸು ಟಿಪಿಎಂ ಇದ್ರೆ ಬಳಸ್ಕೊಳ್ತದೆ, ಇಲ್ದಿದ್ರೂ ಓಡ್ತದೆ. ಹಾಗಾಗಿ ಅಲ್ಲಿನ ಮಕ್ಕಳಿಗೆ 2025ರ ಅಕ್ಟೋಬರ್ 14 ಮಾಮೂಲಿ ಮಂಗಳವಾರ.

ನಾವೂ ಹಂಗೇ ಹೋಗಬಹುದಲ್ಲ ಅಂದ್ರೆ ಒಂದು ತೊಡಕದೆ. ನಮ್ಮ ಕಡೆ ಕನ್ನಡ ಟೈಪಿಂಗ್ ಅಂದ್ರೆ ನುಡಿ, ಬರಹ. ಎರಡೂ ವಿಂಡೋಸಿಗೆ ಅಂತ ಹುಟ್ಟಿದ್ದು. ಯೂನಿಕೋಡ್ ಬರೋಕೆ ಮುಂಚಿನ ಅಕ್ಷರದಲ್ಲಿ ಟೈಪ್ ಮಾಡಿಟ್ಟ ಹಳೇ ಕಡತ ಲಿನಕ್ಸಿನಲ್ಲಿ ತೆಗೆದ್ರೆ ಫಾಂಟು ಇಲ್ದೆ ಬರೀ ಗೀಜಲು ಗೂಡಿನ ಥರ ಕಾಣ್ತದೆ. ಅವನ್ನ ಮೊದಲು ಯೂನಿಕೋಡಿಗೆ ಬದಲಾಯಿಸ್ಕೋಬೇಕು. ಹೊಸದಾಗಿ ಬರೆಯೋರಿಗೆ ತೊಂದರೆ ಇಲ್ಲ. ಕೆ.ಪಿ. ರಾವ್ ಅವರು ಹಾಕಿಕೊಟ್ಟ ಕೀಲಿಮಣೆ ಜೋಡಣೆ ಲಿನಕ್ಸಿನಲ್ಲೂ ಸಿಗ್ತದೆ.

ಲ್ಯಾಪ್‌ಟಾಪು ಗುಜರಿಗೆ ಹಾಕೋಕೆ ಮುಂಚೆ ಮನೇಲಿ ನೋಡಬೇಕಾದ್ದು ಸ್ವಲ್ಪ ಅದೆ. ಚಿಪ್ಪು ಇದ್ದೂ ಆಫ್ ಆಗಿರ್ತದೆ, ಬೇಕಾದಷ್ಟು ಕಡೆ. ಇಂಟೆಲ್ ಯಂತ್ರದಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಬಯೋಸ್ ಒಳಗೆ ಕೂತಿರ್ತದೆ, ಗೊತ್ತಿರೋ ಹುಡುಗರ ಹತ್ರ ಆನ್ ಮಾಡಿಸಿ. ಪ್ರೊಸೆಸರು ಪಟ್ಟೀಲಿ ಇದ್ರೆ ಅಷ್ಟಕ್ಕೇ ಕೆಲಸ ಆಗ್ತದೆ. ಅಡ್ಡದಾರೀಲಿ ವಿಂಡೋಸ್ 11 ಹಾಕಿಕೊಡೋರೂ ಅವ್ರೆ, ಅಂಥ ಯಂತ್ರಕ್ಕೆ ಅಪ್‌ಡೇಟ್ ಗ್ಯಾರಂಟಿ ಇಲ್ಲ ಅಂತ ಕಂಪನೀನೇ ಹೇಳಿದೆ. ವಿಂಡೋಸ್ 10ರಲ್ಲೇ ಇರ್ತೀನಿ ಅನ್ನೋರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆ ರಿಪೇರಿ ಸಿಗೋ ಏರ್ಪಾಡು ಮಾಡವ್ರೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗುಗಳನ್ನ ಅವರ ಹತ್ರ ಬ್ಯಾಕಪ್ ಇಟ್ರೆ ಕಾಸು ಇಲ್ಲ, ಇಲ್ದಿದ್ರೆ 30 ಡಾಲರ್.

ಹೊಸ ಯಂತ್ರ ಕೊಂಡೋರು ಒಂದು ಕೆಲಸ ಮರೀಬೇಡಿ. ಈಗಿನ ವಿಂಡೋಸ್ 11ರಲ್ಲಿ ಎಷ್ಟೋ ಸಲ ನಮಗೆ ಕೇಳದೇನೇ ಡಿಸ್ಕಿಗೆ ಬೀಗ ಬಿದ್ದಿರ್ತದೆ. ನಾಳೆ ಮದರ್‌ಬೋರ್ಡ್ ಕೆಟ್ಟರೆ, ಬಯೋಸಿನಲ್ಲಿ ಏನೋ ಬದಲಾಯಿಸಿದ್ರೆ, ಚಿಪ್ಪು ಮುನಿಸಿಕೊಂಡು 48 ಅಂಕಿಯ ಕೀಲಿ ಕೇಳ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೇಲಿ ಇರ್ತದೆ. ಅದನ್ನ ಕಾಗದದಲ್ಲಿ ಎರಡು ಸಲ ಬರೆದು, ಒಂದನ್ನ ಪಹಣಿ, ರೇಷನ್ ಕಾರ್ಡು ಇಡೋ ಟ್ರಂಕಿನೊಳಗೆ ಹಾಕಿ, ಇನ್ನೊಂದನ್ನ ತವರಲ್ಲೋ ಮಗಳ ಮನೇಲೋ ಇಡಿ.